ಹಳೆಯ ತಿರುಪು ಲೆನ್ಸ್, ಹೊಸ ಕ್ಯಾಮೆರಾ: ಮಾಡಬೇಕಾದ್ದು, ಮಾಡಬಾರದ್ದು

ಥ್ರೆಡ್ ಕೂತಿತೆಂದರೆ ಲೆನ್ಸ್ ಒಪ್ಪಿತೆಂದಲ್ಲ. ಲೆಕ್ಕ ತಪ್ಪಿದರೆ ಡಿಎಸ್‌ಎಲ್‌ಆರ್‌ನ ಕನ್ನಡಿ ಲೆನ್ಸಿನ ಹಿಂಗಾಜಿಗೆ ಬಡಿಯುತ್ತದೆ. ಮಿರರ್‌ಲೆಸ್ ಆದರೆ ಲೆನ್ಸಿನ ಬುಡ ಶಟರಿಗೆ ತಾಗುತ್ತದೆ. ಎರಡೂ ದುಬಾರಿ ರಿಪೇರಿ.

ಮಾಡಬೇಕಾದ್ದು

ಲೆನ್ಸ್ ಯಾವ ಬಗೆಯದೆಂದು ಮೊದಲು ಗೊತ್ತುಮಾಡಿಕೊಳ್ಳಿ. ಹಳೆಯ ಪ್ರಾಕ್ಟಿಕಾ, ಪೆಂಟಾಕ್ಸ್ ಟಕುಮಾರ್, ಜೆನಿಟ್ ಜೊತೆ ಬರುತ್ತಿದ್ದ ಹೀಲಿಯೋಸ್-44-2, ಇವೆಲ್ಲ ಎಂ42: 42 ಮಿ.ಮೀ. ಅಗಲ, ಸುತ್ತಿಗೆ 1 ಮಿ.ಮೀ. ಏರು, ಬುಡದಿಂದ ಫಿಲ್ಮಿಗೆ 45.46 ಮಿ.ಮೀ.

39 ಮಿ.ಮೀ. ಥ್ರೆಡ್ ಕಂಡರೆ ಎರಡು ಸಲ ನೋಡಿ. ಲೈಕಾ ಬಗೆಯದಕ್ಕೆ ಆ ದೂರ 28.8 ಮಿ.ಮೀ., ಮೊದಮೊದಲ ಜೆನಿಟ್‌ಗಳದಕ್ಕೆ 45.2. ಇಂಡಸ್ಟಾರ್-50 ಎರಡೂ ಬಗೆಯಲ್ಲಿ ಬಂದಿದೆ. ಜೆನಿಟ್ ಲೆನ್ಸನ್ನು ಲೈಕಾ ಅಡಾಪ್ಟರಿಗೆ ಹಾಕಿದರೆ ಯಾವುದೂ ಫೋಕಸ್ ಆಗುವುದಿಲ್ಲ. ಲೆನ್ಸೇ ಕೆಟ್ಟಿದೆಯೆಂದು ಬಿಚ್ಚಲು ಕೂರುವವರಿದ್ದಾರೆ.

ನಿಮ್ಮ ಕ್ಯಾಮೆರಾದ ಮೌಂಟ್ ಹೇಳಿಯೇ ಅಡಾಪ್ಟರ್ ಕೊಳ್ಳಿ. ಸೋನಿ ಇ (ಮೌಂಟಿನಿಂದ ಸೆನ್ಸರಿಗೆ 18 ಮಿ.ಮೀ.), ಕ್ಯಾನನ್ ಆರ್‌ಎಫ್ (20), ನಿಕಾನ್ ಝಡ್ (16) ಇದ್ದವರಿಗೆ ಗಾಜಿಲ್ಲದ ಬರೀ ಲೋಹದ ಕೊಳವೆ ಸಾಕು. ಕ್ಯಾನನ್ ಇಎಫ್ 44. ಸುಮಾರು ಒಂದೂವರೆ ಮಿ.ಮೀ. ದಪ್ಪದ ಬಳೆಗಷ್ಟೇ ಜಾಗ. ನಿಕಾನ್ ಎಫ್ 46.5, ಅಲ್ಲಿ ಲೆನ್ಸ್ ಬೇಕಾದ್ದಕ್ಕಿಂತ ಮುಂದೆಯೇ ಕೂರುತ್ತದೆ, ಹತ್ತಿರದ್ದು ಮಾತ್ರ ಸಿಗುತ್ತದೆ. ಒಳಗೆ ಗಾಜಿರುವ ಅಡಾಪ್ಟರ್ ದೂರದ್ದನ್ನು ತರುತ್ತದೆ, ಚಿತ್ರದ ಚುರುಕನ್ನು ತಿನ್ನುತ್ತದೆ. ನಿಕಾನ್ ಎಫ್‌ಗೆ ಎಂ42 ಕಟ್ಟುವ ಖಟಾಟೋಪ ನನ್ನ ಮಟ್ಟಿಗೆ ವ್ಯರ್ಥ.

ಹೊಸ ಅಡಾಪ್ಟರಿನ ಥ್ರೆಡ್ಡನ್ನು ಬಿಳಿ ಬಟ್ಟೆಯಿಂದ ಸುತ್ತಲೂ ಒರೆಸಿ. ಅಗ್ಗದ್ದಾದರೆ ಬಟ್ಟೆಯ ಮೇಲೆ ಬೂದು ಗೆರೆ ಬೀಳುತ್ತದೆ, ಅದರಲ್ಲಿ ಮಿನುಗುವ ಚೂರುಗಳಿರುತ್ತವೆ. ಅದು ಅಲ್ಯೂಮಿನಿಯಂ ಪುಡಿ. ಒರೆಸದಿದ್ದರೆ ಸೆನ್ಸರಿನ ಮೇಲೆ ಹೋಗಿ ಕೂರುತ್ತದೆ.

ಲೆನ್ಸನ್ನು ಮೊದಲು ಅಡಾಪ್ಟರಿಗೆ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ಕ್ಯಾಮೆರಾಕ್ಕೆ ಸಿಗಿಸಿ.

ಲೆನ್ಸನ್ನು ಅಡಾಪ್ಟರಿಗೆ ಹಾಕುವಾಗ ಮೊದಲು ಹಿಮ್ಮುಖವಾಗಿ ತಿರುಗಿಸಿ. ಥ್ರೆಡ್ 'ಟಕ್' ಎಂದು ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿ.

ಲೆನ್ಸಿನ ಹಿಂಬದಿಯಲ್ಲಿ ಚಿಕ್ಕ ಪಿನ್ ಇದೆಯೇ ನೋಡಿ. ಇದ್ದರೆ ಎ-ಎಂ ಸ್ವಿಚ್ಚನ್ನು ಎಂ ಕಡೆ ತಳ್ಳಿ. ಸ್ವಿಚ್ ಇಲ್ಲದಿದ್ದರೆ ಪಿನ್ ಒತ್ತುವ ಒಳ ಅಂಚಿರುವ ಅಡಾಪ್ಟರ್ ತನ್ನಿ. ಪಿನ್ ಒತ್ತದಿದ್ದರೆ ರಿಂಗಿನಲ್ಲಿ ಎಫ್/8 ಇದ್ದರೂ ಬ್ಲೇಡುಗಳು ಪೂರ್ತಿ ತೆರೆದೇ ಇರುತ್ತವೆ.

ಲೆನ್ಸ್ ಇಲ್ಲದೆಯೂ ಶಟರ್ ಬೀಳುವಂತೆ ಮೆನುವಿನಲ್ಲಿ ಆನ್ ಮಾಡಿ.

ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇದ್ದರೆ ಫೋಕಲ್ ಲೆಂಗ್ತ್ ನೀವೇ ತುಂಬಿ, ಹೀಲಿಯೋಸ್-44-2ಕ್ಕೆ 58.

ಫುಲ್-ಫ್ರೇಮ್ ಡಿಎಸ್‌ಎಲ್‌ಆರ್ ಆದರೆ ಮೊದಲ ಶಾಟನ್ನು ಅತಿ ಹತ್ತಿರದ ಫೋಕಸಿನಲ್ಲಿ ತೆಗೆಯಿರಿ. ಹೆಚ್ಚಿನ ಲೆನ್ಸುಗಳಲ್ಲಿ ಇನ್ಫಿನಿಟಿಗೆ ಹೋದಂತೆ ಹಿಂಗಾಜು ಒಳಕ್ಕೆ ಸರಿಯುತ್ತದೆ. ರಿಂಗನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ಸಲ ಕ್ಲಿಕ್ ಮಾಡಿ ಸದ್ದು ಕೇಳಿ. ಸದ್ದು ಬದಲಾದರೆ ಅಲ್ಲಿಗೇ ನಿಲ್ಲಿಸಿ. ಕನ್ನಡಿ ಸಿಕ್ಕಿಕೊಂಡರೆ ಕ್ಯಾಮೆರಾ ಆಫ್ ಮಾಡಿ, ರಿಂಗನ್ನು ಹತ್ತಿರದ ಕಡೆಗೆ ತಿರುಗಿಸಿ, ಲೆನ್ಸ್ ಕಳಚಿ.

ಭಾರದ ಟೆಲಿ ಲೆನ್ಸ್ ಹಾಕಿದ್ದರೆ ಕೈ ಲೆನ್ಸಿನ ಕೆಳಗಿರಲಿ.

ಮಾಡಬಾರದ್ದು

ಬಿಗಿಯಾದರೆ ಬಲ ಹಾಕುವುದು ಬೇಡ. ಟಿ2 ಥ್ರೆಡ್ ಕೂಡ 42 ಮಿ.ಮೀ. ಅಗಲವೇ, ಆದರೆ ಏರು 0.75. ಎಂ42ರೊಳಗೆ ಅರ್ಧ ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ತಿರುಗಿಸಿದರೆ ಎರಡರ ಥ್ರೆಡ್ಡೂ ಹಾಳು.

ಒಳಕ್ಕೆ ಮಡಚಿಕೊಳ್ಳುವ ಎಲ್ಮಾರ್, ಇಂಡಸ್ಟಾರ್-22 ಕೊಳವೆಗಳನ್ನು ಕ್ಯಾಮೆರಾದ ಮೇಲಿರುವಾಗ ಒಳಕ್ಕೆ ತಳ್ಳಬಾರದು.

ಜುಪಿಟರ್-12 ಅನ್ನು ಅಳೆಯದೆ ಸಿಗಿಸಬಾರದು. ಅದರ ಹಿಂಗಾಜು ಗುಡ್ಡೆಯಂತೆ ಉಬ್ಬಿ ಬಾಡಿಯ ಒಳಗೆ ತುಂಬ ದೂರ ಚಾಚುತ್ತದೆ.

ಫ್ಯೂಜಿನಾನ್ ಲೆನ್ಸಿನ ಅಪರ್ಚರ್ ರಿಂಗಿನ ಹಿಂದೆ ಚಾಚಿರುವ ತುಣುಕು ಅಡಾಪ್ಟರಿಗೆ ತಾಗಿದರೆ ಅದಕ್ಕೆ ಅರ ಹಾಕುವುದು ಬೇಡ. ಅಡಾಪ್ಟರ್ ಬದಲಾಯಿಸಿ.

ಪೆಂಟಾಕ್ಸ್ ಕೆ ಬಾಡಿಯಲ್ಲಿ ಕೂತ ಅಡಾಪ್ಟರ್ ಬಳೆಯನ್ನು ಹಿಡಿದು ತಿರುಚಬಾರದು. ಅದಕ್ಕೆ ಚಿಕ್ಕ ಸ್ಪ್ರಿಂಗ್ ಲಾಕ್ ಇದೆ. ಅದನ್ನು ಒತ್ತಿ ಹಿಡಿದರೇ ಬಳೆ ಕಳಚುವುದು.

ಅಡಾಪ್ಟರಿನ ಮೇಲೆ ಅಂಟಿಸಿದ ಎಲೆಕ್ಟ್ರಾನಿಕ್ ಚಿಪ್ ಸಡಿಲವಾಗಿದ್ದರೆ ಆ ಅಡಾಪ್ಟರ್ ಬೇಡ.

ಆಪ್ಟಿಕಲ್ ವ್ಯೂಫೈಂಡರಿನಿಂದ ಸೂರ್ಯನನ್ನು ನೋಡಬಾರದು. ಕಣ್ಣು ಹೋಗುತ್ತದೆ.

ಹಳದಿಗಟ್ಟಿದ 50 ಎಂಎಂ ಎಫ್/1.4 ಟಕುಮಾರನ್ನು ಕಿಟಕಿಯ ಬಿಸಿಲಿಗಿಟ್ಟು ಮನೆ ಬಿಟ್ಟು ಹೋಗಬಾರದು. ಬಿಸಿಲಿನ ನೇರಳಾತೀತ ಕಿರಣಕ್ಕೆ ಹಳದಿ ಇಳಿಯುವುದು ನಿಜ. ಅದೇ ಗಾಜು ಬಿಸಿಲನ್ನು ಒಟ್ಟುಗೂಡಿಸಿ ಪರದೆಗೆ ಬೆಂಕಿ ಹಚ್ಚುವುದೂ ನಿಜ. ಒಂದು ಬದಿಗೆ ಅಲ್ಯೂಮಿನಿಯಂ ಫಾಯಿಲ್ ಮುಚ್ಚಿ, ಪಕ್ಕದಲ್ಲೇ ಇರಿ.

ಆ ಹಳದಿಗೆ ಕಾರಣ ಗಾಜಿನಲ್ಲಿರುವ ಥೋರಿಯಂ. ಫೋಟೊ ತೆಗೆಯಲು ಅಡ್ಡಿಯಿಲ್ಲ. ಗಾಜನ್ನು ಉಜ್ಜಿ ಪಾಲಿಶ್ ಮಾಡಬಾರದು, ಪುಡಿ ಉಸಿರಿಗೆ ಹೋಗಬಾರದು.

ಫೋಕಸ್ ರಿಂಗ್ ಗಟ್ಟಿಯಾಗಿದೆಯೆಂದು ಎಣ್ಣೆ ಬೇಡ. ಕೊಬ್ಬರಿ ಎಣ್ಣೆಯಾಗಲಿ, ಹೊಲಿಗೆ ಮಿಷಿನ್ ಎಣ್ಣೆಯಾಗಲಿ, ಹರಿದು ಬ್ಲೇಡಿಗೆ ಅಂಟುತ್ತದೆ, ಅಪರ್ಚರ್ ನಿಂತೇಹೋಗುತ್ತದೆ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸನ್ನು ಹಳೆಯ ಚರ್ಮದ ಚೀಲದಲ್ಲಿ ಇಡಬಾರದು. ಚೀಲವೇ ಬೂಷ್ಟಿನ ತವರು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ ಸಾಕು.

ಸಿಕ್ಕಿಕೊಂಡ ಅಡಾಪ್ಟರಿಗೆ ಇಕ್ಕಳ ಹಾಕಬಾರದು. ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ ತೆಗೆದು, ಲೆನ್ಸ್ ಸಮೇತ ರಿಪೇರಿಯವರಿಗೆ ಕೊಡಿ.