ಮೊದಲ ಬೈಕಿಗೆ 35 ಕಿಲೋವ್ಯಾಟ್ ಬೇಲಿ: ಬ್ರಿಟನ್ನಿನ ಎ2 ಲೈಸೆನ್ಸ್ ಮುಖ್ಯಾಂಶಗಳು

ನಮ್ಮೂರಲ್ಲಿ ಹೊಸ ಬೈಕ್ ತಂದು ಮನೆ ಮುಂದೆ ನಿಲ್ಲಿಸಿದವನಿಗೆ ಎರಡು ಪ್ರಶ್ನೆ ಖಚಿತ. ಒಂದು, ಎಷ್ಟು ಸಿಸಿ? ಇನ್ನೊಂದು, ಮೈಲೇಜ್ ಎಷ್ಟು ಕೊಡುತ್ತೆ? ಓದಲೆಂದೋ ಕೆಲಸಕ್ಕೆಂದೋ ಬ್ರಿಟನ್ನಿಗೆ ಹೋದ ನಮ್ಮ ಹುಡುಗರು ಅಲ್ಲಿ ಮೊದಲ ಬೈಕ್ ಕೊಳ್ಳಲು ಹೊರಟಾಗ ಎಡವುವುದು ಈ ಮೊದಲ ಪ್ರಶ್ನೆಯಲ್ಲೇ. ಹೊಸ ಸವಾರನ ಬೈಕನ್ನು ಅಲ್ಲಿನ ಕಾನೂನು ಮುಖ್ಯವಾಗಿ ಕಿಲೋವ್ಯಾಟ್ ಲೆಕ್ಕದಲ್ಲಿ ಅಳೆಯುತ್ತದೆ. ಜೊತೆಗೆ ಬೈಕಿನ ತೂಕ ಕೇಳುತ್ತದೆ, ಅದರ ಮೂಲವನ್ನೂ ಕೆದಕುತ್ತದೆ. ಥಿಯರಿ ಪರೀಕ್ಷೆಗೆ ಕೂರುವವರಿಗೂ ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೊರಟವರಿಗೂ ಬೇಕಾದಷ್ಟನ್ನು ಇಲ್ಲಿ ಕೊಟ್ಟಿದೆ. ಇದು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಿಗೆ ಅನ್ವಯ. ಉತ್ತರ ಐರ್ಲೆಂಡಿನ ವ್ಯವಸ್ಥೆ ಬೇರೆ.

ನಾಲ್ಕು ವರ್ಗಗಳು

- ಎಎಂ: ಮೊಪೆಡ್. ಕನಿಷ್ಠ ವಯಸ್ಸು 16.
- ಎ1: 125 ಸಿಸಿವರೆಗೆ, 11 ಕಿಲೋವ್ಯಾಟ್‌ವರೆಗೆ. ವಯಸ್ಸು 17.
- ಎ2: 35 ಕಿಲೋವ್ಯಾಟ್‌ವರೆಗೆ. ವಯಸ್ಸು 19.
- ಎ: ಯಾವ ಮಿತಿಯೂ ಇಲ್ಲ. ನೇರವಾಗಿ ಪಡೆಯಲು 24. ಎ2 ಪಡೆದು ಎರಡು ವರ್ಷವಾಗಿದ್ದರೆ 21.

ಈ ವಿಂಗಡಣೆ ಯುರೋಪಿಯನ್ ಒಕ್ಕೂಟದ ಮೂರನೇ ಚಾಲನಾ ಪರವಾನಗಿ ನಿರ್ದೇಶನದಿಂದ ಬಂದದ್ದು. ಜಾರಿಯಾದ ದಿನ 19 ಜನವರಿ 2013. ಬ್ರಿಟನ್ ಒಕ್ಕೂಟ ಬಿಟ್ಟಿತು, ಈ ವರ್ಗಗಳನ್ನು ಬಿಡಲಿಲ್ಲ.

ಎ2 ಬೈಕಿಗೆ ಮೂರು ಷರತ್ತು

ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ, ಬೈಕ್ ಮಾರುಕಟ್ಟೆಯಲ್ಲಿ ದುಡ್ಡು ಹೋಗುವುದೂ ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನಿಸೋಣ.

ಮೊದಲನೆಯದು, ಎಂಜಿನ್ನಿನ ಶಕ್ತಿ 35 ಕಿಲೋವ್ಯಾಟ್ ಮೀರಬಾರದು. ಅಂದರೆ ಸುಮಾರು 47 ಅಶ್ವಶಕ್ತಿ. ಸಿಸಿಗೆ ಗರಿಷ್ಠ ಮಿತಿ ಇಲ್ಲ.

ಎರಡನೆಯದು, ಬೈಕಿನ ಪ್ರತಿ ಕಿಲೋ ತೂಕಕ್ಕೆ ಶಕ್ತಿ 0.2 ಕಿಲೋವ್ಯಾಟ್ ದಾಟಬಾರದು. 35ನ್ನು 0.2ರಿಂದ ಭಾಗಿಸಿದರೆ 175. ಹಾಗಾಗಿ ಪೂರ್ತಿ 35 ಕಿಲೋವ್ಯಾಟ್ ಬೇಕಾದರೆ ಬೈಕ್ ಕನಿಷ್ಠ 175 ಕಿಲೋ ತೂಗಬೇಕು. 150 ಕಿಲೋ ಬೈಕಿಗೆ 30 ಕಿಲೋವ್ಯಾಟ್‌ಗಿಂತ ಹೆಚ್ಚು ಸಲ್ಲದು. ಬೈಕ್ ಹಗುರವಾದಷ್ಟೂ ಅದಕ್ಕೆ ಸಿಗುವ ಶಕ್ತಿಯೂ ಕಡಿಮೆ.

ಮೂರನೆಯದೇ ಜನ ಮರೆಯುವಂಥದ್ದು. ಶಕ್ತಿ ಕುಗ್ಗಿಸಿ 35ಕ್ಕೆ ಇಳಿಸಿದ ಬೈಕ್ ಆದರೆ, ಅದರ ಮೂಲ ಶಕ್ತಿ ಕುಗ್ಗಿಸಿದ ಶಕ್ತಿಯ ಎರಡು ಪಟ್ಟಿಗಿಂತ ಹೆಚ್ಚಿರಬಾರದು. 35ರ ಎರಡು ಪಟ್ಟು 70. ಅಂದರೆ ಕಾರ್ಖಾನೆಯಿಂದ 70 ಕಿಲೋವ್ಯಾಟ್‌ವರೆಗೆ ಹೊರಬಂದ ಬೈಕನ್ನು ಕುಗ್ಗಿಸಬಹುದು. 90 ಕಿಲೋವ್ಯಾಟ್‌ನದನ್ನು ನೀವು 35ಕ್ಕಲ್ಲ, 20ಕ್ಕೆ ಇಳಿಸಿದರೂ ಕಾನೂನು ಒಪ್ಪುವುದಿಲ್ಲ. ಕತ್ತಿಯನ್ನು ಮೊಂಡು ಮಾಡಿದರೂ ಅದು ಕತ್ತಿಯೇ ಎನ್ನುವ ಧೋರಣೆ. ಈ 70ರ ಗೆರೆಗೆಂದೇ ಬೈಕ್ ತಯಾರಕರು ಕಸರತ್ತು ಮಾಡಿದ್ದಾರೆ: ಕವಾಸಾಕಿ ತನ್ನ ಝಡ್900 ಬೈಕಿಗೆ ಯುರೋಪಿನಲ್ಲಿ 70 ಕಿಲೋವ್ಯಾಟ್‌ನ ಪ್ರತ್ಯೇಕ ಆವೃತ್ತಿಯನ್ನೇ ತಂದಿತು.

ಕುಗ್ಗಿಸದೆಯೇ ಎ2ಗೆ ಒಪ್ಪುವ ಬೈಕುಗಳೂ ಇವೆ. ಹೋಂಡಾ ಸಿಬಿ500ಎಫ್ 471 ಸಿಸಿ, 35 ಕಿಲೋವ್ಯಾಟ್. ನಿಯಮವನ್ನು ಮುಂದಿಟ್ಟುಕೊಂಡು ಹೊಲಿದ ಅಂಗಿಯಂತಿದೆ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಹೆಸರಿನಲ್ಲಿ ದೊಡ್ಡದು, 648 ಸಿಸಿ. ಆದರೆ ಶಕ್ತಿ 47 ಅಶ್ವಶಕ್ತಿಯ ಆಸುಪಾಸು, ತೂಕ 200 ಕಿಲೋಗಿಂತ ಹೆಚ್ಚು. ಹಾಗಾಗಿ ಹತ್ತೊಂಬತ್ತರ ಹುಡುಗನೂ ಓಡಿಸಬಹುದು. ಟ್ರಯಂಫ್ ಸ್ಪೀಡ್ 400 ಇನ್ನೂ ಸ್ವಾರಸ್ಯ: ಹೆಸರು ಬ್ರಿಟಿಷ್, ತಯಾರಾಗುವುದು ಪುಣೆ ಬಳಿಯ ಚಾಕಣದ ಬಜಾಜ್ ಕಾರ್ಖಾನೆಯಲ್ಲಿ, ಓಡುವುದು ಬ್ರಿಟನ್ನಿನ ಎ2 ಹುಡುಗರ ಕೈಯಲ್ಲಿ. ರಾಯಲ್ ಎನ್‌ಫೀಲ್ಡ್ ಹುಟ್ಟಿದ್ದು ಇಂಗ್ಲೆಂಡಿನ ರೆಡಿಚ್‌ನಲ್ಲಿ, ಈಗ ಅಲ್ಲಿಗೆ ಹೋಗುವುದು ತಮಿಳುನಾಡಿನಿಂದ.

ಇಸವಿಗಳು

1961: ಬ್ರಿಟನ್ನಿನಲ್ಲಿ ಕಲಿಯುವವರಿಗೆ 250 ಸಿಸಿ ಮಿತಿ. ಮೈಸೂರಿನಲ್ಲಿ ಐಡಿಯಲ್ ಜಾವಾ 250 ಸಿಸಿಯ ಜಾವಾ ತಯಾರಿಸತೊಡಗಿದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲ, ನೆನಪಿಗೆ ಮಾತ್ರ ಒಳ್ಳೆಯ ಗಂಟು.

1973: ಹೆಲ್ಮೆಟ್ ಕಡ್ಡಾಯ. 1976ರ ಕಾಯ್ದೆ ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಕೊಟ್ಟಿತು.

1983: ಕಲಿಕೆಯ ಮಿತಿ 125 ಸಿಸಿಗೆ ಇಳಿಕೆ.

1990: ಕಡ್ಡಾಯ ಪ್ರಾಥಮಿಕ ತರಬೇತಿ, ಅಂದರೆ ಸಿಬಿಟಿ, ಆರಂಭ.

2013: ಈಗಿನ ಎ2. ಅದಕ್ಕೂ ಮುಂಚೆ ಹೊಸಬರಿಗೆ ಎರಡು ವರ್ಷ 25 ಕಿಲೋವ್ಯಾಟ್, ಅಂದರೆ 33 ಅಶ್ವಶಕ್ತಿಯ ಮಿತಿ ಇತ್ತು. ಎರಡು ವರ್ಷ ಕಳೆದರೆ ಅದು ತಾನಾಗಿ ಬಿದ್ದುಹೋಗುತ್ತಿತ್ತು. ಈಗ ಹಾಗಿಲ್ಲ. ಎ2ಯಿಂದ ಎಗೆ ಏರಲು ಎರಡು ವರ್ಷದ ಬಳಿಕ ದೊಡ್ಡ ಬೈಕಿನಲ್ಲಿ ಎರಡೂ ಪ್ರಾಯೋಗಿಕ ಪರೀಕ್ಷೆಗಳನ್ನು ಮತ್ತೆ ಪಾಸಾಗಬೇಕು. "ಎರಡು ವರ್ಷ ಆಯ್ತಲ್ಲ, ಬಿಡು" ಎನ್ನುವ ಹಳೇ ಸವಾರರ ಮಾತು ಅವರ ಕಾಲಕ್ಕೆ ಸರಿ, ನಿಮ್ಮ ಕಾಲಕ್ಕೆ ತಪ್ಪು.

ಪರೀಕ್ಷೆಯ ಮೆಟ್ಟಿಲುಗಳು

ಮೊದಲು ಪ್ರಾವಿಷನಲ್ ಲೈಸೆನ್ಸ್, ನಮ್ಮ ಎಲ್ಎಲ್ಆರ್ ಇದ್ದಂತೆ. ಆಮೇಲೆ ಸಿಬಿಟಿ. ಇದು ಪರೀಕ್ಷೆಯಲ್ಲ, ತರಬೇತಿ. ಕೊನೆಯ ಭಾಗದಲ್ಲಿ ಕನಿಷ್ಠ ಎರಡು ಗಂಟೆ ರಸ್ತೆಯ ಮೇಲೆ ಓಡಿಸಬೇಕು. ಸರ್ಟಿಫಿಕೇಟಿನ ಆಯಸ್ಸು ಎರಡು ವರ್ಷ. ಇದಿದ್ದರೆ 17 ತುಂಬಿದವರು ಎಲ್ ಬೋರ್ಡ್ ಹಾಕಿಕೊಂಡು 125 ಸಿಸಿ ಓಡಿಸಬಹುದು. ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಮೋಟರ್‌ವೇ ಹತ್ತುವಂತಿಲ್ಲ. ಸಿಬಿಟಿಯನ್ನೇ ಲೈಸೆನ್ಸ್ ಎಂದುಕೊಂಡು ಓಡಾಡುವವರಿಗೆ ಕಡಿಮೆಯಿಲ್ಲ.

ಥಿಯರಿ ಪರೀಕ್ಷೆಯಲ್ಲಿ 50 ಪ್ರಶ್ನೆ, 57 ನಿಮಿಷ, ಪಾಸಾಗಲು 43. ಜೊತೆಗೆ ಅಪಾಯ ಗುರುತಿಸುವ ವಿಡಿಯೊ ಭಾಗ: 14 ತುಣುಕು, 75ಕ್ಕೆ 44. ಎರಡರಲ್ಲೂ ಒಂದೇ ಸಲಕ್ಕೆ ಗೆಲ್ಲಬೇಕು. 2014ರಿಂದ ಪರೀಕ್ಷೆ ಇಂಗ್ಲಿಷ್, ವೆಲ್ಷ್ ಭಾಷೆಗಳಲ್ಲಿ ಮಾತ್ರ.

ಪ್ರಾಯೋಗಿಕ ಪರೀಕ್ಷೆ ಎರಡು ಕಂತಿನದು. ಮಾಡ್ಯೂಲ್ 1 ಮೈದಾನದಲ್ಲಿ. ಬೈಕನ್ನು ತಳ್ಳಿ ನಿಲ್ಲಿಸುವುದು, ಕೋನ್‌ಗಳ ನಡುವೆ ನುಸುಳುವುದು, ನಿಧಾನ ಸವಾರಿ, ಯು ತಿರುವು. ಮತ್ತೆ ನಮ್ಮ ಆರ್‌ಟಿಒ ಮೈದಾನದ ಹಳೇ ಪರಿಚಯ, ಎಂಟು ಹಾಕುವುದು. ವ್ಯತ್ಯಾಸವಿರುವುದು ತುರ್ತು ಬ್ರೇಕ್ ಮತ್ತು ಅಡ್ಡ ಬಂದದ್ದನ್ನು ತಪ್ಪಿಸುವ ಭಾಗದಲ್ಲಿ. ಎರಡಕ್ಕೂ ಗಂಟೆಗೆ ಕನಿಷ್ಠ 50 ಕಿ.ಮೀ. ವೇಗ ಬೇಕು. ಕಾಲು ಊರದೆ ಎಂಟು ಹಾಕಿದರೆ ಮುಗಿಯಿತು ಎಂದುಕೊಂಡು ಹೋದವರು ತಡವರಿಸುವುದು ಅಲ್ಲಿ. ಐದು ಸಣ್ಣ ತಪ್ಪಿಗೆ ಮಾಫಿ, ಆರಕ್ಕೆ ಇಲ್ಲ. ಮಾಡ್ಯೂಲ್ 2 ರಸ್ತೆಯಲ್ಲಿ, ಸುಮಾರು 40 ನಿಮಿಷ, ಹತ್ತು ಸಣ್ಣ ತಪ್ಪಿನವರೆಗೆ ನಡೆಯುತ್ತದೆ. ಯಾವ ಮಾಡ್ಯೂಲಿನಲ್ಲೇ ಆಗಲಿ, ಗಂಭೀರ ತಪ್ಪು ಒಂದಾದರೂ ಅದರಲ್ಲಿ ಫೇಲ್. ಥಿಯರಿ ಪಾಸಾಗಿ ಎರಡು ವರ್ಷದೊಳಗೆ ಇವೆರಡೂ ಮುಗಿಯಬೇಕು, ಇಲ್ಲದಿದ್ದರೆ ಥಿಯರಿಯಿಂದಲೇ ಮತ್ತೆ.

ಭಾರತದ ಲೈಸೆನ್ಸ್ ಇದ್ದವರು ಅಲ್ಲಿ ನೆಲೆಸಿದ ಮೊದಲ 12 ತಿಂಗಳು ಅದರಲ್ಲೇ ಓಡಿಸಬಹುದು. ತಮ್ಮ ಲೈಸೆನ್ಸ್ ಕೊಟ್ಟು ಬದಲಿಗೆ ಬ್ರಿಟಿಷ್ ಲೈಸೆನ್ಸ್ ಪಡೆಯಬಹುದಾದ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಹದಿಮೂರನೇ ತಿಂಗಳಿಗೆ ಊರಲ್ಲಿ ಹತ್ತು ವರ್ಷ ಬುಲೆಟ್ ಓಡಿಸಿದವರೂ ಹೊಸಬರೇ.

23ರವರ ಲೆಕ್ಕ

ಎಂಎಸ್ ಮಾಡಲು ಹೋಗುವ ನಮ್ಮವರ ವಯಸ್ಸು ಹೆಚ್ಚಾಗಿ 22ರಿಂದ 24. ಎ2 ಹೆಚ್ಚು ತಾಗುವುದು ಇವರಿಗೇ. ನನ್ನ ಅಭಿಪ್ರಾಯ ಹೇಳುತ್ತೇನೆ. 19–21ರವರಿಗೆ ಎ2 ಒಳ್ಳೆಯದು, ಕಾಯುವುದರಲ್ಲಿ ಅರ್ಥವಿಲ್ಲ. 23 ತುಂಬಿದವರು ಈಗ ಎ2 ಮಾಡಿದರೆ ಒಂದೇ ವರ್ಷದಲ್ಲಿ ಮಿತಿಯಿಲ್ಲದ ಎ ಲೈಸೆನ್ಸಿಗೆ ಅರ್ಹರಾಗುತ್ತಾರೆ, ಆಗ ತರಬೇತಿಗೂ ಪರೀಕ್ಷೆಗೂ ಮತ್ತೊಮ್ಮೆ ಹಣ ಸುರಿಯಬೇಕು. ಸಿಬಿಟಿ ಮಾಡಿಕೊಂಡು ಒಂದು ವರ್ಷ 125ರಲ್ಲಿ ಮಳೆ, ಚಳಿ, ವೃತ್ತಗಳೆಲ್ಲ ಅಭ್ಯಾಸವಾಗಲಿ, 24ಕ್ಕೆ ನೇರ ಎ ಪರೀಕ್ಷೆಗೆ ಹೋಗಲಿ. ಖರ್ಚು ಒಂದೇ ಸಲ.

ಕುಗ್ಗಿಸಿದ ಬೈಕ್ ಕೊಳ್ಳುವಾಗ

ಶಕ್ತಿ ಕುಗ್ಗಿಸುವ ದಾರಿ ಮುಖ್ಯವಾಗಿ ಮೂರು. ಹಳೇ ಕಾರ್ಬ್ಯುರೇಟರ್ ಬೈಕಿನಲ್ಲಿ ಗಾಳಿ-ಪೆಟ್ರೋಲ್ ಎಂಜಿನ್‌ಗೆ ಹೋಗುವ ರಬ್ಬರ್ ಕೊಳವೆಯೊಳಗೆ ಕಿರುಬಾಯಿಯ ವಾಷರ್ ಕೂರಿಸುತ್ತಾರೆ. ಇನ್ನೊಂದು, ಆಕ್ಸಿಲರೇಟರ್ ಪೂರ್ತಿ ತಿರುಗದಂತೆ ಅಡ್ಡ ಕೊಡುವುದು. ಮೂರನೆಯದು, ಈಗಿನ ಬೈಕುಗಳಲ್ಲಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸುವುದು. ಮೂರರಲ್ಲೂ ಕೆಳಗಿನ ಓಟಕ್ಕೆ ದೊಡ್ಡ ಪೆಟ್ಟಿಲ್ಲ. ಸಿಗ್ನಲ್‌ನಿಂದ ಎದ್ದು ಹೊರಡುವಾಗ ಬೈಕ್ ಎಂದಿನಂತೆಯೇ ಜಿಗಿಯುತ್ತದೆ, ಮೇಲಿನ ವೇಗಕ್ಕೆ ಹೋದಾಗ ಉಸಿರು ಕಟ್ಟುತ್ತದೆ. ಬೀದಿಯಲ್ಲಿ ಎರಡು ಸುತ್ತು ಓಡಿಸಿ "ಕುಗ್ಗಿಸಿದೆ" ಎಂದು ಕಂಡುಹಿಡಿಯುವುದು ಕಷ್ಟ.

ಕವೆಂಟ್ರಿಯಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬನ ಜೊತೆ ಬೈಕ್ ನೋಡಲು ಹೋಗಿದ್ದೆ. ಎರಡು ಸಿಲಿಂಡರಿನ 600 ಸಿಸಿ ಹಳೇ ಬೈಕ್. ಮಾರುವವ ಸಭ್ಯಸ್ಥ, ಚಹಾ ಕೂಡ ಕೊಟ್ಟ. "ಕುಗ್ಗಿಸಿದೆ, ಕಿಟ್ ಇದೆ" ಎಂದು ಡ್ರಾಯರಿನಿಂದ ಸಣ್ಣ ಪ್ಲಾಸ್ಟಿಕ್ ಲಕೋಟೆ ತೆಗೆದು ಹುಡುಗನ ಅಂಗೈಗೆ ಸುರಿದ. ಎರಡು ವಾಷರ್, ಹಳೇ ಎಂಟಾಣೆ ಗಾತ್ರ, ಅಂಚಿನಲ್ಲಿ ಕಪ್ಪು ಮಸಿ. ಹುಡುಗ ಖುಷಿಯಿಂದ ನನ್ನ ಮುಖ ನೋಡಿದ. ನಾನು ಕನ್ನಡದಲ್ಲಿ ಮೆಲ್ಲಗೆ ಕೇಳಿದೆ: "ಎರಡು ಸಿಲಿಂಡರ್, ಎರಡು ವಾಷರ್. ಎರಡೂ ನಿನ್ನ ಕೈಯಲ್ಲಿದ್ರೆ ಎಂಜಿನ್ನಿನಲ್ಲಿ ಏನಿದೆ?" ಹುಡುಗ ಒಂದು ಕ್ಷಣ ಬಿಟ್ಟು "ಅಯ್ಯೋ ಅಣ್ಣಾ" ಎಂದ. ಮಾರುವವ ಸುಳ್ಳು ಹೇಳಿದ್ದನೆಂದು ನಾನು ಹೇಳಲಾರೆ. ಅವನು ಕೊಂಡಾಗ ಕುಗ್ಗಿಸಿದ್ದಿರಬೇಕು, ತನ್ನ ಎರಡು ವರ್ಷ ಮುಗಿದ ಮೇಲೆ ಬಿಚ್ಚಿರಬೇಕು. ಆದರೆ ಆ ಬೈಕನ್ನು ಹಾಗೇ ಮನೆಗೆ ಓಡಿಸಿಕೊಂಡು ಬಂದಿದ್ದರೆ ತಪ್ಪಿತಸ್ಥ ಹುಡುಗನೇ. ಇನ್ನೊಂದನ್ನೂ ಹೇಳಬೇಕು: ಅಂಥ ಹಳೇ ಕಿಟ್ಟುಗಳಲ್ಲಿ 33 ಅಶ್ವಶಕ್ತಿಯವೂ ಇರುತ್ತವೆ. ಮೂಲ ಶಕ್ತಿಯ ಎರಡು ಪಟ್ಟಿನ ಷರತ್ತು ಮೀರದಿದ್ದರೆ ಎ2ಗೆ ಅವು ನಡೆಯುತ್ತವೆ, ಆದರೆ ನಿಮಗೆ ಹಕ್ಕಿರುವ 14 ಅಶ್ವಶಕ್ತಿ ಸುಮ್ಮನೆ ಹೋಗುತ್ತದೆ.

ಕಾಗದಪತ್ರದಲ್ಲಿ ನೋಡಬೇಕಾದ್ದು ಇಷ್ಟು. ಕುಗ್ಗಿಸಿದ್ದಕ್ಕೆ ಡೀಲರ್ ಅಥವಾ ಕಿಟ್ ಅಳವಡಿಸಿದವರ ಪ್ರಮಾಣಪತ್ರ, ಅದರಲ್ಲಿರುವ ಚಾಸಿ ನಂಬರ್ ಬೈಕಿನದೇ ಇರಬೇಕು. ವಿ5ಸಿ ಎಂಬ ಲಾಗ್ ಬುಕ್ ನೋಂದಾಯಿತ ವ್ಯಕ್ತಿ ಯಾರೆಂದು ಹೇಳುತ್ತದೆಯೇ ಹೊರತು ಮಾಲೀಕತ್ವಕ್ಕೆ ಸಾಕ್ಷಿಯಲ್ಲ. ನಮ್ಮ ಆರ್‌ಸಿ ಲೆಕ್ಕದಲ್ಲಿ ಅದನ್ನು ನಂಬಬೇಡಿ. ಮೂರು ವರ್ಷ ದಾಟಿದ ಬೈಕಿಗೆ ವರ್ಷಕ್ಕೊಮ್ಮೆ ಎಂಒಟಿ ತಪಾಸಣೆ ಕಡ್ಡಾಯ. ಅಪಘಾತವಾಗಿ ವಿಮಾ ಕಂಪನಿ ಕೈಬಿಟ್ಟ ಬೈಕುಗಳಿಗೆ 2017ರಿಂದ ಎ, ಬಿ, ಎಸ್, ಎನ್ ಎಂಬ ಗುರುತುಗಳಿವೆ. ಎ ಮತ್ತು ಬಿ ಮತ್ತೆ ರಸ್ತೆಗಿಳಿಯುವಂತಿಲ್ಲ. ಎಸ್ ಎಂದರೆ ಚೌಕಟ್ಟಿಗೆ ಪೆಟ್ಟು, ಎನ್ ಎಂದರೆ ಚೌಕಟ್ಟು ಸರಿಯಿದೆ, ಬೇರೆ ಹಾನಿ. ಇಲ್ಲಿನ ಎ ಅಕ್ಷರವನ್ನು ಲೈಸೆನ್ಸಿನ ಎ ವರ್ಗದೊಂದಿಗೆ ಕಲಸಬೇಡಿ, ಪ್ರಶ್ನೆಪತ್ರಿಕೆಯಲ್ಲೂ ಜಾಹೀರಾತಿನಲ್ಲೂ.

ಬೈಕನ್ನೇ ನೋಡುವುದು ಊರಲ್ಲಿ ನೋಡಿದಂತೆಯೇ: ಚೈನ್ ಸ್ಪ್ರಾಕೆಟ್, ಮುಂದಿನ ಫೋರ್ಕಿನ ಆಯಿಲ್ ಸೀಲ್, ಬ್ರೇಕ್ ಪ್ಯಾಡ್. ಟೈರಿನ ಗೀರು ಅಗಲದ ಮುಕ್ಕಾಲು ಭಾಗದಲ್ಲಿ ಕನಿಷ್ಠ 1 ಮಿ.ಮೀ. ಇರಬೇಕು. ರಸ್ತೆಗೆ ಉಪ್ಪು ಚೆಲ್ಲುವ ಚಳಿಗಾಲ ಅಲ್ಲಿಯದು; ತುಕ್ಕನ್ನು ನಮ್ಮೂರಿಗಿಂತ ಎರಡು ಪಟ್ಟು ಹುಡುಕಿ.

ಮಿತಿ ಮೀರಿದರೆ

ಎ2 ಲೈಸೆನ್ಸಿನಲ್ಲಿ 35 ಕಿಲೋವ್ಯಾಟ್ ಮೀರಿದ ಬೈಕ್ ಓಡಿಸಿದರೆ ಅದು ಲೈಸೆನ್ಸ್ ಪ್ರಕಾರವಲ್ಲದ ಸವಾರಿ. ಅದರ ಬೆನ್ನಿಗೇ ವಿಮೆಯೂ ಕೈಕೊಡಬಹುದು. ವಿಮೆ ಇಲ್ಲದೆ ಓಡಿಸಿದ್ದಕ್ಕೆ 300 ಪೌಂಡ್ ನಿಗದಿತ ದಂಡ ಮತ್ತು 6 ಪೆನಾಲ್ಟಿ ಪಾಯಿಂಟ್. ಇನ್ನೊಂದು ಕಾಯ್ದೆ ಇಲ್ಲಿ ಬಂದು ಕೂಡಿಕೊಳ್ಳುತ್ತದೆ: 1995ರ ಹೊಸ ಚಾಲಕರ ಕಾಯ್ದೆ ಪ್ರಕಾರ, ಮೊದಲ ಲೈಸೆನ್ಸ್ ಪಡೆದ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸ್ ರದ್ದು. ಅಂದರೆ ಒಂದೇ ತಪ್ಪು ಸಾಕು, ಮತ್ತೆ ಪ್ರಾವಿಷನಲ್‌ನಿಂದ ಶುರು. ಆ ಎರಡು ವಾಷರ್‌ಗಳ ಬೆಲೆ ಅಷ್ಟು.

ನಮ್ಮಲ್ಲಿ

1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ 16 ತುಂಬಿದವರು 50 ಸಿಸಿವರೆಗಿನ ಬೈಕ್ ಓಡಿಸಬಹುದು, ಉಳಿದ ಬೈಕುಗಳಿಗೆ 18. ಗೇರ್ ಇರುವ, ಇಲ್ಲದ ಎಂಬ ಭೇದವಿದೆ. ಶಕ್ತಿಯ ಮೆಟ್ಟಿಲು ಇಲ್ಲ. ಹದಿನೆಂಟು ತುಂಬಿ 100 ಸಿಸಿ ಬೈಕಿನಲ್ಲಿ ಎಂಟು ಹಾಕಿ ಪಾಸಾದವನು ಮರುದಿನ 1000 ಸಿಸಿ ಬೈಕ್ ಏರಿದರೂ ಕಾನೂನು ತಡೆಯುವುದಿಲ್ಲ. ಇದು ಸರಿಯಲ್ಲ ಎಂದೇ ನನ್ನ ಎಣಿಕೆ. ಪರೀಕ್ಷೆಯಲ್ಲಿ ಹೋಲಿಕೆಯ ಪ್ರಶ್ನೆ ಬಂದರೆ ಉತ್ತರ ಇಷ್ಟೇ: ಬ್ರಿಟನ್ ಹಂತಹಂತವಾಗಿ ಕೊಡುತ್ತದೆ, ಭಾರತ ಒಂದೇ ಸಲ ಕೊಡುತ್ತದೆ.

ಬೈಕ್ ನೋಡಲು ಹೊರಟಿದ್ದರೆ ಮುಂಗಡ ಕೊಡುವ ಮುನ್ನ ಚಾಸಿ ನಂಬರನ್ನು ಪ್ರಮಾಣಪತ್ರದ ಪಕ್ಕ ಹಿಡಿದು ಒಂದೊಂದೇ ಅಕ್ಷರ ಓದಿ. ಒಂದು ಅಕ್ಷರ ಹೊಂದದಿದ್ದರೂ ಚಹಾ ಕುಡಿದು ಎದ್ದು ಬನ್ನಿ.