ಮೂರು ಗೇಣಿನ ಬಾಗಿಲು

ಪ್ರಶ್ನೆ: ನಾವು ಐದು ಜನ ಗೆಳೆಯರು ಭಾನುವಾರ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡ್ತೀವಿ. ಕಥೆ ನಡೆಸೋ ಪಾಳಿ ಈಗ ನಂದು. ಮುಂದಿನ ತಿಂಗಳು ಪಾತ್ರಗಳು ಈ ಲೋಕ ಬಿಟ್ಟು ಬೇರೆ ಲೋಕಕ್ಕೆ ಹೋಗಬೇಕು. ಪುಸ್ತಕದಾಗಿರೋ ಬೆಂಕಿ ಲೋಕ, ಎಲ್ಫ್‌ಗಳ ಕಾಡು ಎಲ್ಲಾರಿಗೂ ಬ್ಯಾಸರ ಬಂದಾವ. ಹದಿನಾಲ್ಕು ಲೋಕ ತರೋಣ ಅಂದ್ರ ಹೆಸರು ಬಿಟ್ಟು ಬ್ಯಾರೆ ಏನೂ ಗೊತ್ತಿಲ್ಲ. ಸುರಪುರದಂಥ ಊರಾಗ ಕೂತು ಇದಕ್ಕ ಸ್ಫೂರ್ತಿ ಎಲ್ಲಿ ಹುಡುಕಲಿ?
– ಕಾಲೇಜು ವಿದ್ಯಾರ್ಥಿ, ಸುರಪುರ

ಉತ್ತರ: ‘ಸುರಪುರದಂಥ ಊರಾಗ ಕೂತು’ ಅಂತ ಬರೆದಿದ್ದೀರಲ್ಲ, ನಗು ಬಂತು. ಸುರರ ಪುರ ಅಂತ ಹೆಸರಿಟ್ಟುಕೊಂಡ ಊರಿನಿಂದ ಬೇರೆ ಲೋಕದ ವಿಳಾಸ ಕೇಳಿ ಪತ್ರ ಬಂದಿದೆ!

ಮೊದಲು ಸ್ವಲ್ಪ ಹಿಂದಿನ ಕಥೆ. ನಿಮ್ಮ ಆಟದ ಲೋಕಗಳಿಗೆ ಗ್ಯಾರಿ ಗೈಗ್ಯಾಕ್ಸ್ ಮೊದಲು ನಕಾಶೆ ಹಾಕಿದ್ದು 1977ರಲ್ಲಿ, ‘ದ ಡ್ರ್ಯಾಗನ್’ ಪತ್ರಿಕೆಯ ಒಂದು ಲೇಖನದಲ್ಲಿ. ಮರುವರ್ಷ ಆಟಗಾರರ ಕೈಪಿಡಿಯ ಕೊನೆಯ ಪುಟಗಳಿಗೆ ಅದು ಸೇರಿತು. 1987ರಲ್ಲಿ ಜೆಫ್ ಗ್ರಬ್ ಅದನ್ನೇ ಇಡೀ ಪುಸ್ತಕವಾಗಿ ಬೆಳೆಸಿದರು. ಅದರಲ್ಲಿ ‘ಆಸ್ಟ್ರಲ್ ಪ್ಲೇನ್’ ಅಂತ ಒಂದು ಬರುತ್ತದೆ ನೋಡಿ, ಆ ಮಾತನ್ನು ಮನೆಮಾತು ಮಾಡಿದವರು ಥಿಯಾಸಫಿಯವರು. ಅವರ ಕೇಂದ್ರ 1882ರಿಂದ ಮದರಾಸಿನ ಅಡ್ಯಾರಿನಲ್ಲಿತ್ತು. ಗ್ರೀಕ್ ತತ್ವದ ಜೊತೆ ನಮ್ಮ ಲೋಕ-ತಲಗಳನ್ನೂ ಕಲಸಿ ಅವರು ಒಂದು ಮಹಡಿ ಮನೆ ಕಟ್ಟಿದರು. ಅದರ ಒಂದು ಕೋಣೆ ಅಮೆರಿಕದ ಆಟದೊಳಗೆ ಹೋಗಿ ಕೂತಿದೆ. ಆದ್ದರಿಂದ ನಮ್ಮ ಲೋಕಗಳನ್ನು ಆಟಕ್ಕೆ ತಂದರೆ ಎಲ್ಲಿ ಹೊಂದುವುದಿಲ್ಲವೋ ಎಂಬ ಅಳುಕು ನಿಮಗೆ ಬೇಡ.

ಆದರೆ ಹೆಸರುಗಳಿಂದ ಶುರು ಮಾಡಬೇಡಿ. ಅತಲ, ವಿತಲ ಅಂತ ಏಳು ಹೆಸರು ಬಾಯಿಪಾಠ ಒಪ್ಪಿಸಿದರೆ ಗೆಳೆಯರು ಮೊಬೈಲು ಕೈಗೆತ್ತಿಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಬೇರೆ ಲೋಕವೆಂದರೆ ಇಲ್ಲಿಯ ಒಂದೇ ಒಂದು ಕಟ್ಟಳೆ ಬದಲಾದ ಜಾಗ. ಆಕಾಶಕ್ಕೆ ನೇರಳೆ ಬಣ್ಣ ಬಳಿದ ಮಾತ್ರಕ್ಕೆ ಲೋಕ ಬೇರೆಯಾಗುವುದಿಲ್ಲ. ಅಲ್ಲಿ ಸುಳ್ಳು ಹೇಳಿದವನ ನೆರಳು ಕುಗ್ಗುತ್ತದೆ ಅನ್ನಿ, ಆಟಗಾರರು ಮಾತಾಡುವ ಮೊದಲು ಕಾಲಬುಡ ನೋಡಿಕೊಳ್ಳಲು ಶುರು ಮಾಡುತ್ತಾರೆ. ಅಂಥ ಕಟ್ಟಳೆಗಳು ನಿಮ್ಮ ಸುತ್ತ ಕಲ್ಲಿನಲ್ಲೇ ಬಿದ್ದಿವೆ.

ರಾಜನಕೋಳೂರಿಗೆ ಹೋಗಿದ್ದೀರಾ? ಚಪ್ಪಡಿ ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳಿವೆ. ಕಬ್ಬಿಣ ಯುಗದ ಜನರ ಗೋರಿಗಳೆಂದು ಪುರಾತತ್ವದವರು ಹೇಳುತ್ತಾರೆ. ಊರಿನವರ ಬಾಯಲ್ಲಿ ಅವು ಮೋರ್ಯರ ಮನೆ. ಮೋರ್ಯರೆಂದರೆ ಹಿಂದೆ ಇದ್ದ ಗಿಡ್ಡ ಜನ, ಗೇಣು ಲೆಕ್ಕದ ಎತ್ತರದವರು. ಕೊಪ್ಪಳದ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಇಂಥದೇ ನೂರಾರು ಕಲ್ಮನೆಗಳಿಗೂ ಅದೇ ಮೋರ್ಯರ ಹೆಸರು. ಕೆಲವು ಮನೆಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಕಲ್ಲಿನಲ್ಲಿ ಅಷ್ಟು ದುಂಡಗೆ ತೂತು ಕೊರೆಯುವುದು ಸಣ್ಣ ಕೆಲಸವಲ್ಲ. ಸತ್ತವರ ಮನೆಗೆ ಬಾಗಿಲು ಯಾಕೆ? ಒಳಗಿನವರು ಹೊರಗೆ ಬರಲೆಂದೋ, ಹೊರಗಿನವರು ಒಳಗೆ ಕೈ ಚಾಚಲೆಂದೋ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ನಿಮ್ಮೂರಿನ ಟೇಲರ್ ಸಾಹೇಬನೂ ಒಬ್ಬ. ಟೇಲರ್ ಮಂಜಿಲಿನ ಫಿಲಿಪ್ ಮೆಡೋಸ್ ಟೇಲರ್ 1841ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಸುರಪುರದಲ್ಲಿದ್ದ. ಆಡಳಿತದ ಬಿಡುವಿನಲ್ಲಿ ಈ ಕಲ್ಲುಗಳನ್ನು ಅಳೆದ, ಕೆಲವನ್ನು ಅಗೆಸಿದ, ಚಿತ್ರ ಬರೆದ. ತನ್ನ ದೇಶದ ಇಂಥ ಕಲ್ಮನೆಗಳನ್ನು ನೆನೆದು ಇವನ್ನೂ ಡ್ರೂಯಿಡ್ ಪುರೋಹಿತರ ನಂಟಿಗೆ ಗಂಟುಹಾಕಿದ. ಆ ಊಹೆ ನಿಲ್ಲಲಿಲ್ಲ. ಆದರೆ ನಿಮ್ಮ ಪುಸ್ತಕದಲ್ಲಿರುವ ಡ್ರೂಯಿಡ್ ನಿಮ್ಮ ಸೀಮೆಯ ಕಲ್ಲಿನ ಹತ್ತಿರ ನೂರೆಪ್ಪತ್ತು ವರ್ಷದ ಹಿಂದೆಯೇ ಸುಳಿದುಹೋಗಿದ್ದ ಅನ್ನುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಆಟಕ್ಕೆ ಬನ್ನಿ. ಮೋರ್ಯರ ಲೋಕಕ್ಕೆ ಕಿಂಡಿಯಿಂದಲೇ ಹೋಗಬೇಕು, ಅದರಲ್ಲಿ ತೂರಬೇಕಾದರೆ ಮೂರು ಗೇಣಾಗಬೇಕು. ಯಾರ ಗೇಣು? ಪಾತ್ರದ್ದೇ ಗೇಣು. ಕುಗ್ಗಲು ಮಂತ್ರ ಇಡಬೇಡಿ, ಬೆಲೆ ಇಡಿ. ಪ್ರತಿಯೊಬ್ಬರೂ ತಮ್ಮ ಮೈಯ ಎತ್ತರದ ಒಂದು ಪಾಲನ್ನು ಹೊರಗೆ ಕಲ್ಲಾಗಿ ನಿಲ್ಲಿಸಿ ಒಳಗೆ ಹೋಗುತ್ತಾರೆ. ಎತ್ತರದ ಜೊತೆ ಏನು ಬಿಟ್ಟುಹೋದರು? ಒಬ್ಬನದು ಸಿಟ್ಟು, ಒಬ್ಬಳದು ಅಣ್ಣನ ಹೆಸರು. ತಿರುಗಿ ಬರುವಾಗ ಹೊರಗೆ ನಿಂತ ಕಲ್ಲುಗಳಲ್ಲಿ ತನ್ನದು ಯಾವುದೆಂದು ಗುರುತಿಸಬೇಕು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯನ್ನು ನೋಡಿದವರಿಗೆ ಈ ದೃಶ್ಯ ಕಟ್ಟುವುದು ಕಷ್ಟವಲ್ಲ. ಹೊಲದ ನಡುವೆ ಗುಂಡುಗಳನ್ನು ಅಂತರ ಅಳೆದು ಇಟ್ಟಂತೆ ಸಾಲಾಗಿ, ಓರೆಯಾಗಿ ಜೋಡಿಸಿದ್ದಾರೆ. ಸೂರ್ಯ ಹುಟ್ಟಿ ಮುಳುಗುವ ದಿಕ್ಕಿಗೂ ಆ ಸಾಲುಗಳಿಗೂ ನಂಟಿದೆಯೇ ಎಂದು ಖಗೋಳದವರು ಅಳೆದು ನೋಡಿದ್ದಾರೆ. ನಡುವೆ ನಿಂತರೆ ಯಾವ ಕಡೆ ತಿರುಗಿದರೂ ಒಂದು ದಾರಿ ಕಾಣುತ್ತದೆ, ಎಲ್ಲ ದಾರಿಯೂ ಒಂದೇ ಥರ. ಅಲ್ಲಿ ಆಟಗಾರರನ್ನು ಬಿಟ್ಟು ಹೊತ್ತು ಮುಳುಗಿಸಿ.

ಶಹಾಪುರದ ಮಾತು ಬಂದ ಮೇಲೆ ಮಲಗಿದ ಬುದ್ಧನನ್ನು ಬಿಡುವುದುಂಟೇ? ದೂರದಿಂದ ಗುಡ್ಡದ ಸಾಲು ಹಣೆ, ಮೂಗು, ಎದೆ ಎಲ್ಲ ಒಡಮೂಡಿ ಮಲಗಿದ ಬುದ್ಧನಾಗುತ್ತದೆ. ಹತ್ತಿರ ಹೋದಷ್ಟೂ ಅದು ಬರೀ ಬಂಡೆ. ಇದರೊಳಗೇ ಒಂದು ಕಟ್ಟಳೆಯಿದೆ: ದೂರದಿಂದ ಮಾತ್ರ ಇರುವ ಲೋಕ. ಅದರೊಳಗೆ ಹೋಗಬೇಕಾದರೆ ಹತ್ತಿರ ಹೋಗಬಾರದು. ಹೇಗೆ ಎಂಬುದನ್ನು ಆಟಗಾರರೇ ಬಗೆಹರಿಸಲಿ.

ಇನ್ನು ಕೊಡೇಕಲ್ಲು. ಹದಿನಾರನೆಯ ಶತಮಾನದ ಕೊಡೇಕಲ್ಲ ಬಸವಣ್ಣನ ಕಾಲಜ್ಞಾನ ನಿಮ್ಮ ಕಡೆ ಹಿರಿಯರ ನಾಲಿಗೆ ಮೇಲಿದೆ. ಆ ಪರಂಪರೆಯಲ್ಲಿ ಅಮರಗನ್ನಡವೆಂಬ ಗೂಢಲಿಪಿಯೂ ಇದೆ. ಮುಂದೆ ಆಗುವುದೆಲ್ಲ ಆಗಲೇ ಬರೆದಿಟ್ಟಿದೆ, ಆದರೆ ಓದಲು ಬಾರದ ಅಕ್ಷರದಲ್ಲಿ! ಲೋಕವೊಂದಕ್ಕೆ ಇದಕ್ಕಿಂತ ಗಟ್ಟಿ ಬುನಾದಿ ನನಗೆ ಹೊಳೆಯುವುದಿಲ್ಲ. ಪ್ರತಿ ಬಾರಿ ದಾಳ ಉರುಳಿಸುವ ಮೊದಲೇ ನೀವು ಅದರ ಫಲವನ್ನು ಒಂದು ಚೀಟಿಯಲ್ಲಿ ಗೂಢಲಿಪಿಯಲ್ಲಿ ಬರೆದು ಮೇಜಿನ ಮೇಲಿಡಿ. ಒಂದೊಂದು ಅಕ್ಷರ ಗೊತ್ತಾಗುತ್ತ ಹೋದಂತೆ ಆಟಗಾರರಿಗೆ ಓದುವ ಆಸೆ, ಓದಿದರೆ ಹೆದರಿಕೆ. ಟೇಲರನ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. ನಿಮ್ಮೂರಿನ ಅರಸ ರಾಜಾ ವೆಂಕಟಪ್ಪ ನಾಯಕರು ಇಪ್ಪತ್ತನಾಲ್ಕನೆಯ ವರ್ಷ ದಾಟುವುದಿಲ್ಲವೆಂದು ಜಾತಕ ಹೇಳಿತ್ತು, ಅದನ್ನು ಬಲ್ಲವರು ಗುಟ್ಟಾಗಿಟ್ಟಿದ್ದರು ಎಂದು ಅವನು ಬರೆಯುತ್ತಾನೆ. 1858ರಲ್ಲಿ ಬ್ರಿಟಿಷರ ಸೆರೆಯಲ್ಲಿದ್ದಾಗ ಅರಸರು ಗುಂಡು ತಗುಲಿ ತೀರಿಕೊಂಡರು. ಅದು ಹೇಗೆ ತಗುಲಿತು ಎಂಬ ಬಗ್ಗೆ ಸುರಪುರದವರ ಮಾತೇ ಬೇರೆ, ಅದನ್ನು ನಿಮಗೆ ನಾನು ಹೇಳಬೇಕಿಲ್ಲ. ನಾನು ನೋಡುವುದು ಆ ಗುಟ್ಟು ಹೊತ್ತವರ ಕಡೆಗೆ. ಚೀಟಿ ಓದಿದ ಪಾತ್ರ ಬಾಯಿ ಬಿಡುವ ಹಾಗಿಲ್ಲ ಅಂತ ಕಟ್ಟಳೆ ಮಾಡಿ. ಬಿಟ್ಟರೆ ಆ ಅಕ್ಷರ ಅವನಿಗೆ ಮತ್ತೆಂದೂ ಕಾಣುವುದಿಲ್ಲ.

ಬೆಂಕಿಯ ಲೋಕ ಬೇಸರವಾಗಿದೆ ಅಂದಿರಿ. ಬೂದಿಯ ಲೋಕ ಮಾಡಿ. ನಿಮ್ಮದೇ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದ ದಿಬ್ಬ ನಾಲ್ಕು ಸಾವಿರ ವರ್ಷ ಹಿಂದಿನ ದನಗಾಹಿಗಳದು. ದನದ ಸಗಣಿ ಒಟ್ಟಿ ಮತ್ತೆ ಮತ್ತೆ ಸುಟ್ಟು ಆದ ದಿಬ್ಬಗಳಿವು. ಇಂಥ ಕೆಲವು ದಿಬ್ಬಗಳಲ್ಲಿ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಅನ್ನುತ್ತಾರೆ. ವಾನರ ರಾಜ ಅಂದಮೇಲೆ ಅಷ್ಟು ಬೂದಿ ಆಗಲೇಬೇಕಲ್ಲ! ಇದೇ ಪದ್ದಯ್ಯನವರು ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಣ್ಣಕಲ್ಲಿನಿಂದ ಆಯುಧ ಮಾಡುತ್ತಿದ್ದ ತಾಣವನ್ನೂ ಅಗೆದರು. ಅದರ ವಯಸ್ಸು ಸುಮಾರು ಹನ್ನೆರಡು ಲಕ್ಷ ವರ್ಷ. ಅಲ್ಲಿ ಕೂತು ಕಲ್ಲು ಕೆತ್ತಿದವರು ನಮ್ಮಂಥ ಮನುಷ್ಯರೂ ಆಗಿರಲಿಲ್ಲ. ಎಲ್ಫ್ ಬೇಕೆ ನಿಮಗೆ?

ಹದಿನಾಲ್ಕು ಲೋಕ ಬೇಡವೇ ಬೇಡ ಅನ್ನುವುದಿಲ್ಲ. ಒಂದನ್ನು ಹಿಡಿದು ಅದರ ಕಟ್ಟಳೆ ಹುಡುಕಿ. ಸುತಲದಲ್ಲಿ ಬಲಿ ಚಕ್ರವರ್ತಿ ಆಳುತ್ತಾನೆ, ಅವನನ್ನು ತುಳಿದ ವಾಮನನೇ ಬಾಗಿಲು ಕಾಯುತ್ತಾನೆ. ದೀಪಾವಳಿಯ ಪಾಡ್ಯದಂದು ಮಾತ್ರ ಬಲಿಗೆ ಮೇಲೆ ಬರಲು ಬಿಡುವು. ಗೆದ್ದವನು ಸೋತವನ ಬಾಗಿಲು ಕಾಯುವ ಊರು ಅದು. ನಿಮ್ಮ ಆಟದ ಗೆದ್ದ ವೀರರು ಅಲ್ಲಿಗೆ ಕಾಲಿಟ್ಟರೆ ಯಾರ ಬಾಗಿಲಿಗೆ ನಿಲ್ಲಬೇಕು? ಜೈನರ ಏಳು ನರಕಗಳಲ್ಲಿ ಮೇಲಿನವು ಸುಡುತ್ತವೆ, ತಳದವು ಕೊರೆಯುವ ಚಳಿ. ಮೇ ತಿಂಗಳ ಯಾದಗಿರಿಯಲ್ಲಿ ಇದನ್ನು ಹೇಳಿದರೆ ಎಲ್ಲರೂ ಏಳನೆಯದಕ್ಕೇ ಟಿಕೆಟ್ ಕೇಳುತ್ತಾರೆ. ಲೋಕಗಳನ್ನು ಆಟದ ಮನೆಗಳಾಗಿಸಿದ್ದೂ ನಮ್ಮವರಿಗೆ ಹೊಸದಲ್ಲ. ಪರಮಪದ ಸೋಪಾನಪಟ ಆಡಿದ ಅಜ್ಜಿಯರು ಒಂದು ಹಾವಿನಿಂದ ನರಕಕ್ಕೆ ಜಾರಿ, ಒಂದು ಏಣಿಯಿಂದ ವೈಕುಂಠ ಮುಟ್ಟಿದವರೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಹೊಸ ಹೊಸ ಆಟದ ಪಟ ಹೆಣೆಯುವುದರಲ್ಲೇ ಕೈ ಪಳಗಿಸಿಕೊಂಡಿದ್ದರು. ದಾಳಕ್ಕೆ ಇಪ್ಪತ್ತು ಮುಖ ಇರಲಿಲ್ಲ ಅಷ್ಟೇ.

ಒಂದು ಕಡೆ ಕೈ ತಡೆಯಿರಿ. ಮೈಲಾಪುರದ ಮೈಲಾರಲಿಂಗ, ತಿಂಥಣಿಯ ಮೌನೇಶ್ವರ – ಇವರು ಜನ ಈಗಲೂ ನಡೆದುಕೊಳ್ಳುವ ದೇವರು. ಇವರಿಗೆ ಜೀವದಂಕೆ ಹಚ್ಚಿ ಹೊಡೆದಾಟಕ್ಕೆ ಇಳಿಸಿದರೆ ಐವರಲ್ಲಿ ಒಬ್ಬನ ಮನೆಯವರಿಗಾದರೂ ನೋವಾಗುತ್ತದೆ. ನಿಮ್ಮ ಪುಸ್ತಕದವರು ನಮ್ಮ ರಾಕ್ಷಸನಿಗೆ ಹುಲಿ ಮುಖ ಅಂಟಿಸಿ ಅಂಗೈ ತಿರುಚಿದ್ದನ್ನು ನೋಡಿ ನಾವು ನಕ್ಕಿದ್ದೇವೆ. ಅದೇ ಕೆಲಸ ನಮ್ಮ ನೆರೆಮನೆಯ ದೇವರಿಗೆ ನಾವು ಮಾಡುವುದು ಬೇಡ. ದೇವರನ್ನು ಬಿಟ್ಟು ಜಾಗದ ಗುಣ ತೆಗೆದುಕೊಳ್ಳಿ. ತಿಂಥಣಿಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಒಂದೇ ಹೊಸ್ತಿಲು ದಾಟಿದ ಇಬ್ಬರಿಗೆ ಎರಡು ಬೇರೆ ಅಂಗಳ ಕಾಣುವ ಲೋಕವನ್ನು, ಯಾರ ಹೆಸರೂ ಎತ್ತದೆ, ಅದರಿಂದ ಕಟ್ಟಬಹುದು. ಇಬ್ಬರೂ ತಾವು ಕಂಡದ್ದನ್ನು ಇನ್ನೊಬ್ಬರಿಗೆ ಹೇಳಿ ಒಪ್ಪಿಸಿದ ಮೇಲಷ್ಟೇ ಹಿಂದಿನ ಬಾಗಿಲು ತೆರೆಯಲಿ.

ಮುಂದಿನ ಭಾನುವಾರ ಆಟಕ್ಕೆ ರಜೆ ಹಾಕಿ ಐದೂ ಜನ ರಾಜನಕೋಳೂರಿಗೆ ಹೋಗಿಬನ್ನಿ. ಬಿಸಿಲೇರುವ ಮುಂಚೆ ಹೋಗಿ, ನೀರಿನ ಬಾಟ್ಲಿ ಇರಲಿ. ಕಲ್ಲಿನ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ. ದನ ಕಾಯುವ ಹಿರಿಯರು ಸಿಕ್ಕರೆ ‘ಇಲ್ಲಿ ಯಾರಿದ್ರು ಯಜ್ಜಾ’ ಅಂತ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಕಿಂಡಿ ಇರುವ ಚಪ್ಪಡಿ ಕಂಡರೆ ಅದಕ್ಕೆ ಗೇಣು ಹಾಕಿ ನೋಡಿ. ಐದು ಜನರ ಲೆಕ್ಕ ಐದು ಥರ ಬರುತ್ತದೆ, ಅದನ್ನೂ ಬರೆದುಕೊಳ್ಳಿ. ಒಳಗೆ ಯಾರು ಹೋಗಬಹುದು, ಯಾರು ಹೊರಗೇ ಉಳಿಯಬೇಕು ಎಂಬುದು ಆಟದ ದಿನ ಬೇಕಾಗುತ್ತದೆ.