ಅಂಕಿತನಾಮವೂ ಜ್ಞಾಪಕಶಕ್ತಿಯೂ

ವ್ಯಾಕರಣಪಾಠದಲ್ಲಿ ನಾಮಪದದ ಪ್ರಭೇದಗಳನ್ನು ಹೇಳುವಾಗ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರನ್ನು ಎಣಿಸುತ್ತೇವೆ. ಬೆಟ್ಟ, ಹೊಳೆ, ಮರ ಮೊದಲಾದವು ರೂಢಿಯಿಂದ ನಿಂತವು. ವೈದ್ಯ, ವ್ಯಾಪಾರಿ, ದಾನಿ ಮೊದಲಾದವು ವೃತ್ತಿ ಗುಣಗಳ ಅರ್ಥವನ್ನು ಅನುಸರಿಸಿದವು. ವ್ಯವಹಾರದ ಗುರುತಿಗಾಗಿ ಇಟ್ಟುಕೊಂಡದ್ದು ಅಂಕಿತನಾಮ. ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಬೇಸಗೆಯ ರಜೆಯಲ್ಲಿ ಮರೆತುಬಿಡುವುದುಂಟು. ಆದರೆ ಹೊಸದಾಗಿ ಪರಿಚಯವಾದವರ ಹೆಸರು ಮರುದಿನವೇ ನಾಲಗೆಗೆ ಬಾರದೆ ನಾವು ತಡವರಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರವು ಈ ವಿಭಾಗದಲ್ಲಿಯೇ ಅಡಗಿದೆ.

ಅಂಕವೆಂದರೆ ಗುರುತು. ಗುರುತಿಗೆಂದು ಇಟ್ಟ ಹೆಸರಿಗೂ ಅದನ್ನು ಹೊತ್ತವನ ಗುಣಕ್ಕೂ ಸಂಬಂಧವಿರಬೇಕೆಂಬ ನಿಯಮವಿಲ್ಲ. ಭೀಮಪ್ಪನು ಕೃಶನಾಗಿರಬಹುದು, ಶಾಂತಪ್ಪನು ಮುಂಗೋಪಿಯಾಗಿರಬಹುದು. 1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದು ಇದೇ ಮಾತನ್ನು ಬೇರೊಂದು ದಾರಿಯಿಂದ ತೋರಿಸಿಕೊಟ್ಟಿತು. ಅಪರಿಚಿತರ ಮುಖಚಿತ್ರಗಳನ್ನು ತೋರಿಸಿ, ಒಬ್ಬೊಬ್ಬರ ಅಡ್ಡಹೆಸರನ್ನೂ ವೃತ್ತಿಯನ್ನೂ ಕಲಿಸಿ, ಅನಂತರ ಕೇಳಿದಾಗ, ವೃತ್ತಿ ನೆನಪಾದಷ್ಟು ಸುಲಭವಾಗಿ ಹೆಸರು ನೆನಪಾಗಲಿಲ್ಲ. ಒಂದೇ ಶಬ್ದವು ಒಬ್ಬನಿಗೆ ವೃತ್ತಿಯಾಗಿಯೂ ಇನ್ನೊಬ್ಬನಿಗೆ ಅಡ್ಡಹೆಸರಾಗಿಯೂ ಬಂದಾಗ ಸಹ ಫಲವು ಇದೇ ಆಗಿದ್ದುದು ಸ್ವಾರಸ್ಯದ ಸಂಗತಿ.

ನಮ್ಮ ಕಡೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಬ್ಬರನ್ನು ಕುಂಬಾರರೆಂದು ಪರಿಚಯಿಸಿದರೆ ತಿಗರಿ, ಜೇಡಿಮಣ್ಣು, ಆವಿಗೆಯ ಹೊಗೆ ಎಲ್ಲವೂ ಮನಸ್ಸಿನಲ್ಲಿ ಮೂಡಿ ಆ ವ್ಯಕ್ತಿಯನ್ನು ಹಿಡಿದು ನಿಲ್ಲಿಸುತ್ತವೆ. ಬ್ಯಾಂಕಿನ ಗುಮಾಸ್ತರೊಬ್ಬರ ಅಡ್ಡಹೆಸರು ಕುಂಬಾರ ಎಂದರೆ ಈ ಯಾವ ಚಿತ್ರವೂ ಏಳುವುದಿಲ್ಲ. ಶಬ್ದ ಅದೇ, ಅಲ್ಲಿ ಅನ್ವರ್ಥ, ಇಲ್ಲಿ ಅಂಕಿತ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳನ್ನು ಎಳೆಯ ಮಕ್ಕಳೂ ತೊಡಕಿಲ್ಲದೆ ಹೇಳುತ್ತಾರೆ. ಕಾಯಕವು ಹೆಸರಿನೊಡನೆ ಬೆಸೆದುಕೊಂಡಿರುವುದು ಇದಕ್ಕೆ ಒಂದು ಕಾರಣವೆಂದು ನನ್ನ ಎಣಿಕೆ. ನಮ್ಮ ಹಳ್ಳಿಗಳ ಹಿರಿಯರು ಹೆಸರಿಗಿಂತ ಮೊದಲು "ತಮ್ಮದು ಯಾವೂರಾಯಿತು?" ಎಂದು ವಿಚಾರಿಸುವ ಪದ್ಧತಿಯನ್ನು ಇಂದಿನ ನಾಗರಿಕರು ಅತಿಕುತೂಹಲವೆಂದು ಬಗೆಯುವುದುಂಟು. ಊರು, ಕಸುಬು, ಬಂಧುಬಳಗ ಇವು ತಿಳಿದ ಮೇಲೆ ಬಂದ ಹೆಸರಿಗೆ ನಿಲ್ಲಲು ನೆಲೆ ದೊರೆಯುತ್ತದೆ.

ನೆನಪಿಗಿಂತ ಮೊದಲು ಶ್ರವಣವಾಗಬೇಕು. ಮರೆತೆವೆಂದು ನಾವು ಹೇಳುವ ಹೆಸರುಗಳಲ್ಲಿ ಅನೇಕವನ್ನು ನಾವು ಕೇಳಿಯೇ ಇರುವುದಿಲ್ಲ. ವರ್ತುಲವಾಗಿ ಕುಳಿತವರು ಸರದಿಯಂತೆ ಶಬ್ದಗಳನ್ನು ಓದುವಾಗ, ತಮ್ಮ ಸರದಿಗೆ ತುಸು ಮುಂಚೆ ಓದಲ್ಪಟ್ಟುದನ್ನೇ ಹೆಚ್ಚಾಗಿ ಮರೆಯುತ್ತಾರೆಂದು 1973ರಲ್ಲಿ ಪ್ರಕಟವಾದ ಒಂದು ಪರಿಶೋಧನೆ ತೋರಿಸಿದೆ. ಪರಿಚಯದ ಸಭೆಯಲ್ಲಿಯೂ ಹೀಗೆಯೇ: ತಾನು ಏನು ಹೇಳಬೇಕೆಂಬ ಚಿಂತೆಯಲ್ಲಿದ್ದವನಿಗೆ ಪಕ್ಕದವನ ಹೆಸರು ಕಿವಿಯ ಹೊರಗೇ ಉಳಿಯುತ್ತದೆ. ಆದುದರಿಂದ ಕೇಳಿದ ಹೆಸರನ್ನು ಆಗಲೇ ಒಮ್ಮೆ ಬಾಯಿಬಿಟ್ಟು ಉಚ್ಚರಿಸಬೇಕು. ಸರಿಯಾಗಿ ಕೇಳಿಸದಿದ್ದರೆ ಅಲ್ಲಿಯೇ ಮತ್ತೆ ಕೇಳಬೇಕು. ಅದರಲ್ಲಿ ಅವಿನಯವೇನೂ ಇಲ್ಲ.

ಹೆಸರಿನ ಅರ್ಥವನ್ನು ಹಿಡಿದು ನೆನಪಿಡುವುದು ಒಳ್ಳೆಯ ಉಪಾಯವೇ. ಆದರೆ ಅರ್ಥ ಮಾತ್ರ ಉಳಿದು ಶಬ್ದ ಜಾರಿದರೆ ಚಂದ್ರಶೇಖರನು ಶಶಿಧರನಾಗುತ್ತಾನೆ, ಶಶಿಧರನು ಸೋಮಶೇಖರನಾಗುತ್ತಾನೆ. ಅಮರಕೋಶವನ್ನು ಕಂಠಸ್ಥ ಮಾಡಿದ ಪಂಡಿತರಿಗೆ ಈ ಅಪಾಯ ಇತರರಿಗಿಂತ ಹೆಚ್ಚು! ಪರ್ಯಾಯಪದವು ಕಾವ್ಯಕ್ಕೆ ಭೂಷಣ. ಕರೆಯಿಸಿಕೊಳ್ಳುವ ಹುಡುಗನಿಗೆ ಅದು ಬೇರೆಯವನ ಹೆಸರು. ಆದುದರಿಂದ ಅರ್ಥದೊಡನೆ ಮೊದಲ ಅಕ್ಷರವನ್ನೂ ಗಟ್ಟಿಮಾಡಿಕೊಳ್ಳುವುದು ಲೇಸು.

ಈ ವಿಷಯವು ಉಪಾಧ್ಯಾಯರಿಗೆ ತೀರ ಹತ್ತಿರದ್ದು. ಜೂನ್ ತಿಂಗಳಲ್ಲಿ ಐವತ್ತು ಅರುವತ್ತು ಹೊಸ ಮುಖಗಳು ಒಮ್ಮೆಲೇ ಎದುರಾಗುತ್ತವೆ. ಅವರಲ್ಲಿ ಬಸವರಾಜರೇ ನಾಲ್ವರು. ದಿನಾಲು ಹಾಜರಿ ಕೂಗುವುದರಿಂದ ಹೆಸರು ಬರುತ್ತದೆಂಬುದು ಅರ್ಧಸತ್ಯ. ಹಾಗೆ ಕಲಿತದ್ದು ಅನುಕ್ರಮವೇ ಹೊರತು ಮುಖವಲ್ಲ. ಬೆಂಚು ಬದಲಾದರೆ, ಆಟದ ಬಯಲಿನಲ್ಲಿ ಎದುರಾದರೆ, ಹೆಸರು ಓಡಿಹೋಗುತ್ತದೆ. ಪುಸ್ತಕವನ್ನು ಮುಚ್ಚಿಟ್ಟು, ಮುಖವನ್ನು ನೋಡಿ, ಹೆಸರನ್ನು ತಾನೇ ತಂದುಕೊಳ್ಳಲು ಯತ್ನಿಸಿ, ಅನಂತರ ಪುಸ್ತಕದಲ್ಲಿ ತಾಳೆ ನೋಡಬೇಕು. ಈ ಯತ್ನವನ್ನು ಮೊದಲು ಸ್ವಲ್ಪ ಹೊತ್ತಿಗೆ, ಆಮೇಲೆ ಇನ್ನಷ್ಟು ತಡೆದು, ಹೀಗೆ ಅಂತರವನ್ನು ಹೆಚ್ಚಿಸುತ್ತ ಮಾಡಿದರೆ ಹೆಸರುಗಳು ಚೆನ್ನಾಗಿ ನಿಲ್ಲುವುವೆಂದು ಲ್ಯಾಂಡಾವರ್ ಮತ್ತು ಬ್ಯೋರ್ಕ್ ಎಂಬ ವಿದ್ವಾಂಸರು 1978ರಲ್ಲಿ ತಿಳಿಸಿದರು. ಮೊದಲ ತಾಸಿನಲ್ಲಿ ಕಲಿತದ್ದನ್ನು ಮಧ್ಯಾಹ್ನ ಒಮ್ಮೆ, ಮರುದಿನ ಒಮ್ಮೆ, ವಾರ ಕಳೆದು ಮತ್ತೊಮ್ಮೆ ಪರೀಕ್ಷಿಸಿಕೊಂಡರೆ ಸಾಕು. ಒಂದೇ ದಿನ ಎಲ್ಲರನ್ನೂ ಕಲಿಯಹೊರಡುವುದು ವ್ಯರ್ಥಶ್ರಮ. ದಿನಕ್ಕೆ ಎಂಟು ಹತ್ತು ಹೆಸರು ಸಾಲುತ್ತದೆ.

ಸಾಮಾನ್ಯವಾಗಿ ಜಾಣನ ಹೆಸರು ಮೊದಲು ಬರುತ್ತದೆ, ತುಂಟನದು ಅದಕ್ಕಿಂತಲೂ ಮೊದಲು. ಇವೆರಡೂ ಅಲ್ಲದೆ ಸುಮ್ಮನೆ ಕುಳಿತ ಹುಡುಗನು ದೀಪಾವಳಿಯವರೆಗೂ "ಏ, ಕಿಟಕಿಯ ಹತ್ತಿರದವನೇ" ಆಗಿ ಉಳಿಯುತ್ತಾನೆ. ವರ್ಷದ ನಡುವೆ ಪರವೂರಿನಿಂದ ಬಂದು ವಸತಿನಿಲಯ ಸೇರಿದವನ ಹೆಸರನ್ನು ಹಾಜರಿಪುಸ್ತಕದ ಕಟ್ಟಕಡೆಯಲ್ಲಿ, ಬೇರೆ ಮಸಿಯಲ್ಲಿ ಬರೆದಿರುತ್ತಾರೆ. ಕಲಿಯುವುದನ್ನು ಆ ಸಾಲಿನಿಂದ ಆರಂಭಿಸಬಹುದು.